ಜಪಾನೀಸ್ ಪರೀಕ್ಷೆಯೂ ನಾನೆಂಬ ‘ಅನೆ’ಯೂ

ನನ್ನ ತಮ್ಮ ಅರವತ್ತಾರನೇ ವಯಸ್ಸಿನಲ್ಲಿ ಒಂದನೇ ಕ್ಲಾಸಿಗೆ ಸೇರಿದ ಅಂದರೆ ನಂಬುತ್ತೀರಾ? ಅದೂ ಜಪಾನಿನ ಒಂದನೇ ಕ್ಲಾಸು! ಜಪಾನೀಸ್ ಕಲಿಯುವವರಿಗೆ ಐದು ಮೆಟ್ಟಿಲಿನ ಪರೀಕ್ಷೆಯಂತೆ. ತೀರಾ ಕೆಳಗಿನದು ಎನ್-ಫೈವ್. ಅದಕ್ಕೆ ಕಟ್ಟಿದ್ದ, ಮಹಾರಾಯ.

ಸಿರುಗುಪ್ಪದ ತನ್ನ ರೈಸ್‌ಮಿಲ್ಲಿನಲ್ಲಿ ಗದ್ದಲವೆಂದು ಪ್ರತಿ ಶನಿವಾರ ಬಳ್ಳಾರಿಯ ನನ್ನ ಮನೆಗೆ ಬಂದು ಆನ್‌ಲೈನ್ ಕ್ಲಾಸಿಗೆ ಕೂರುತ್ತಿದ್ದ. ಎಸ್ಸೆಸ್ಸೆಲ್ಸಿಗೆ ಮೂರು ಸಲ ಮಣ್ಣು ಮುಕ್ಕಿದವನು! ಹಾಲಿನ ಗೋಡೆಯ ಮೇಲೆ ನನ್ನ ಕಾನ್ವೆಂಟಿನ ಫಸ್ಟ್ ಕ್ಲಾಸ್ ಸರ್ಟಿಫಿಕೇಟು ಫ್ರೇಮಿನಲ್ಲಿದೆ. ಅದರ ಪಕ್ಕದಲ್ಲೇ ನನ್ನನ್ನು ಕೇಳದೆ ಒಂದು ಮೊಳೆ ಹೊಡೆದ.

“ಇದು ನಂದಕ್ಕ. ಸಾಯೋದ್ರಾಗ ಒಂದಾದ್ರೂ ತೂಗಾಕ್ತೀನಿ.”

“ಸರಿ, ಜಪಾನೀಸೇ ಯಾಕೋ?”

“ಇಂಗ್ಲೀಷಿನ್ಯಾಗ ನೀ ತಪ್ಪು ಹಿಡೀತಿ. ತೆಲುಗಿನ್ಯಾಗ ಕುರುಗೋಡಿನಾಕಿ, ನನ್ನ ಹೆಂಡ್ತಿ, ಹಿಡೀತಾಳ. ಇದ್ರಾಗ ಯಾರು ಹಿಡೀತೀರಿ, ಹಿಡೀರಿ ನೋಡೋಣು!”

ಲಾಜಿಕ್ ಅಂದರೆ ಇದು!

ಅವತ್ತಿನಿಂದ ನನ್ನ ಪೀಸ್ ಆಫ್ ಮೈಂಡ್ ಹೋಯಿತು. “ಊಟ ಬಡಿಸಲೇನೋ?” ಅಂದರೆ “ಹಾಯ್!” ಅನ್ನುವನು. ಬೆಳಿಗ್ಗೆಯಿಂದ ಎದುರಿಗೇ ಕೂತವನು ಈಗ್ಯಾಕೆ ಹಾಯ್? ಜಪಾನೀಸಿನಲ್ಲಿ ಹಾಯ್ ಅಂದರೆ ಹೌದಂತೆ! ತರಕಾರಿಯಾಕೆಗೆ ಸೊಂಟ ಬಗ್ಗಿಸಿ “ಕೊನ್ನಿಚಿವಾ” ಅಂದ, ನಮಸ್ಕಾರವಂತೆ. ತೆಲುಗಿನಲ್ಲಿ ‘ಕೊನ್ನಿ’ ಅಂದರೆ ಒಂದಿಷ್ಟು. ಆಕೆ ಬದನೆಕಾಯಿಗೆ ಕೈಹಾಕಿ, “ಕೊನ್ನಿ ಅಂಟೇ ಎನ್ನಿ ಸಾಮೀ?” ಅಂದಳು. ಒಂದಿಷ್ಟು ಅಂದರೆ ಎಷ್ಟು ಅಂತ ಹೇಳು ಮೊದಲು! ವಾರವಿಡೀ ನಾನು ಬದನೆಕಾಯಿ ತಿಂದೆ.

ಒಂದು ದಿನ ನನಗೇ ಪಾಠ. “ಇನ್ನೊಬ್ರ ಅಕ್ಕ ‘ಒನೇಸಾನ್’. ಸಾನ್ ಅಂದ್ರ ನಮ್ಮ ‘ಅವರು’ ಇದ್ದಂಗ, ಮರ್ಯಾದಿ. ಸ್ವಂತ ಅಕ್ಕನ ಬಗ್ಗೆ ಹೊರಗಿನೋರಿಗೆ ಹೇಳುವಾಗ ಬರೀ ‘ಅನೆ’.”

“ನಾನು ಆನೆ?”

“ಅನೆ ಅಕ್ಕ, ಅನೆ!”

“ನನ್ನ ಮೈ ನೋಡಿ ಹೇಳಾಕತ್ತೀ ಏನಲೇ?”

ಪರೀಕ್ಷೆಗೆ ಬೆಂಗಳೂರಿಗೆ ಹೋದ. ಲಿಸನಿಂಗ್ ಪೇಪರಿನಲ್ಲಿ ಸ್ಪೀಕರಿಗೇ “ಏನಂದ್ರಿ? ಇನ್ನೊಮ್ಮೆ ಹೇಳ್ರಿ” ಅಂದನಂತೆ! ಹುಡುಗರೆಲ್ಲ ನಕ್ಕರಂತೆ, ಮೇಲ್ವಿಚಾರಕಿ ಕಣ್ಣು ಬಿಟ್ಟಳಂತೆ.

ರಿಸಲ್ಟ್ ಬಂತು. ಫೇಲ್. ಕೂದಲೆಳೆಯಷ್ಟರಲ್ಲಿ.

ಖಾಲಿ ಮೊಳೆ ನೋಡುತ್ತ ಕೂತಿದ್ದ. ನನಗೆ ತಡೆಯಲಾಗಲಿಲ್ಲ. “ಎಲ್ಲಿ ತಪ್ಪಿದೆಯೋ?”

“ಗೊತ್ತಿದ್ದ ಪ್ರಶ್ನಿನೇ ಒಂದು ತಪ್ಪು ಮಾಡಿಬಂದೆ. ‘ಇವರು ನನ್ನ...’ ಅಂತ ಹೊರಗಿನೋರಿಗೆ ಅಕ್ಕನ್ನ ತೋರಿಸೋದು. ಅನೆ ಅಂತ ಬರಬೇಕು.”

“ಮತ್ತೆ?”

“ಒನೇಸಾನ್‌ಗೆ ಗುರುತು ಹಾಕಿದೆ. ಸಾಲಿ ಬಿಟ್ಟಾಗ ಅಪ್ಪನ ಬಡಿಗಿಗೆ ಅಡ್ಡ ನಿಂತಾಕಿ ನೀನು. ಮಂದಿ ಮುಂದ ನಿನ್ನ ಮರ್ಯಾದಿ ತೆಗದು ಬರೀ ಅನೆ ಅನ್ನಾಕ ಕೈ ಏಳ್ಲಿಲ್ಲಕ್ಕ.”

ಕನ್ನಡಕ ಒರೆಸಿಕೊಂಡೆ. ಅದು ಮಂಜಾಗಿತ್ತು, ಅಷ್ಟೇ.

“ದಡ್ಡ! ಮತ್ತೆ ಫಾರ್ಮ್ ತುಂಬು. ಈ ಸಲ ಆನೆ ಅಂತಲೇ ಬರಿ, ನಾನೇ ಹೇಳೀನಿ. ತಿಳೀತೇನಲೇ?”

ಎದ್ದು ನಿಂತು ಸೊಂಟ ಬಗ್ಗಿಸಿದ.

“ಹಾಯ್, ಒನೇಸಾನ್.”