ಪೂಜೆಗಿಟ್ಟ ಕತ್ತಿಗಳನ್ನು ಗುಡಿಸಿಹಾಕಿದ ಮಾನ್ಯರಿಗೆ

ಮಾನ್ಯರೇ,

‘ಲೋಹದುರ್ಗ’ವೆಂಬ ವಿಡಿಯೋ ಗೇಮನ್ನು ಕಟ್ಟಿ, ಅದರೊಳಗಿನ ಕತ್ತಿ ಗುರಾಣಿಗಳ ಬಲಾಬಲವನ್ನು ತಿಂಗಳು ತಿಂಗಳೂ ತಿದ್ದಿ ತೀಡುವ ತಮ್ಮ ಘನ ಆಯುಧ ಸಮತೋಲನ ವಿಭಾಗಕ್ಕೆ, ಕೊಳ್ಳೇಗಾಲದ ಒಂದು ರೇಷ್ಮೆ ಮಗ್ಗದ ಮನೆಯಿಂದ, ಬಿ.ಕಾಂ. ಪಾಸಾದ ಹೇಮಂತನೆಂಬ ನಾನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದದ್ದು ಬರೀ ಅಲಂಕಾರಕ್ಕಲ್ಲ. ತಮ್ಮ ಆಟದಲ್ಲಿ ನಾನು ಬಹುಪಾಲು ಸಮಯ ಇರುವುದು ಆ ಭಂಗಿಯಲ್ಲೇ. ತಾವು ಯಾರು, ಯಾವ ಊರಿನಲ್ಲಿದ್ದೀರಿ ಎಂಬುದು ನನಗೆ ತಿಳಿಯದು. ಆದರೂ ನನ್ನ ಕೈಯಲ್ಲಿ ಈಗ ಯಾವ ಆಯುಧವಿದೆ ಎಂಬುದನ್ನು ತಾವು ಅಲ್ಲಿಂದಲೇ ಕಂಡು, ಮರುವಾರವೇ ಅದರ ಹಲ್ಲು ಕೀಳುವ ತಮ್ಮ ದಿವ್ಯದೃಷ್ಟಿಗೆ ಮೊದಲು ಕೈಮುಗಿದು, ಆಮೇಲೆ ವಿಷಯಕ್ಕೆ ಬರುತ್ತೇನೆ.

ತಮ್ಮ ಆಟವನ್ನು ನಾವು ಮೂವರು ಕೂಡಿ ಆಡುತ್ತೇವೆ. ಕೊಳ್ಳೇಗಾಲದಿಂದ ನಾನು, ಹನೂರಿನಿಂದ ನನ್ನ ಕಾಲೇಜು ಗೆಳೆಯ ನಾಗರಾಜು, ಯಳಂದೂರಿನಿಂದ ನನ್ನ ಹೆಂಡತಿಯ ತಂಗಿ ಅಂಜನಾ. ನಾಗರಾಜು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿದ್ದಾನೆ. ಅಂಜನಾ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾಳೆ. ಭಾನುವಾರ ಸಂಜೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತರೆ ಹೊಡೆದಾಟಕ್ಕಿಂತ ಹರಟೆಯೇ ಹೆಚ್ಚು. ಒಂದೇ ಬೆಂಚಿನಲ್ಲಿ ಕೂತು ಮೊದಲ ಸಲ ಫೇಲಾದ ನಾನೂ ನಾಗರಾಜೂ ಈಗ ಮುಖ ನೋಡಿಕೊಳ್ಳುವುದು ಮದುವೆ ಮನೆಗಳಲ್ಲಿ ಮಾತ್ರ. ಉಳಿದಂತೆ ನಮ್ಮ ಗೆಳೆತನ ಸುಖವಾಗಿ ಬದುಕಿರುವುದು ತಮ್ಮ ಪಾಳುಬಿದ್ದ ಕೋಟೆಯೊಳಗೆ, ಹೆಣಗಳ ಮಧ್ಯೆ. ಆದ್ದರಿಂದ ಆ ಮೂವರಲ್ಲಿ ನನ್ನ ಜಾಗವೆಂಬುದು ನನಗೆ ಬರೀ ಆಟದ ಜಾಗವಲ್ಲ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು. ಅದಕ್ಕೇ ಸಂಚಕಾರ ಬಂದದ್ದರ ಬಗ್ಗೆ ಈ ಪತ್ರ.

ತಮ್ಮ ನಿಯಮ ಸರಳವಾಗಿದೆ: ಮೈಮೇಲಿನ ಕವಚ, ಕೈಯ ಆಯುಧ, ಹೆಗಲ ಚೀಲ ಎಲ್ಲ ಸೇರಿ ಎಷ್ಟು ಭಾರವೋ, ಶತ್ರುವಿನ ಏಟಿನಿಂದ ಉರುಳಿ ತಪ್ಪಿಸಿಕೊಳ್ಳುವುದೂ ಅಷ್ಟೇ ನಿಧಾನ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಭಾರ ಹೇಗೆ ಬೆಳೆಯಿತೆಂಬುದನ್ನೂ ಕೇಳಿ. ಮೊದಲು ನಾನೊಂದು ಉದ್ದನೆಯ ಈಟಿಯನ್ನು ಮೆಚ್ಚಿ, ಇದ್ದಬದ್ದ ಕಬ್ಬಿಣವನ್ನೆಲ್ಲ ಸುರಿದು ಅದನ್ನು ಹದಮಾಡಿಕೊಂಡೆ. ತಾವು ಅಪ್‌ಡೇಟ್ ಕಳಿಸಿ ಅದನ್ನು ಹಪ್ಪಳದ ಕೋಲು ಮಾಡಿದಿರಿ. ಹೋಗಲೆಂದು ಎರಡು ಕೈಯ ಕೊಡಲಿಗೆ ಮನಸ್ಸು ಕೊಟ್ಟೆ; ಅದರಲ್ಲಿ ಈಗ ತೆಂಗಿನಕಾಯಿ ಒಡೆಯುವುದೂ ಅನುಮಾನ. ಇಂಥ ಅಪ್‌ಡೇಟಿಗೆ ತಾವು ‘ಪ್ಯಾಚ್’, ಅಂದರೆ ತೇಪೆ, ಎನ್ನುತ್ತೀರಂತೆ; ನೇಯುವವರ ಮನೆಯವನಾದ ನನಗೆ ತೇಪೆಯೇನೂ ಹೊಸದಲ್ಲ. ಆದರೆ ಹರಿದ ಕಡೆ ಬಿಟ್ಟು, ಗಟ್ಟಿಯಾಗಿದ್ದ ಕಡೆಯೇ ಹುಡುಕಿ, ಮೊದಲು ಅದನ್ನು ಹರಿದು ಆಮೇಲೆ ತೇಪೆ ಹಾಕುವ ಕಸುಬನ್ನು ತಮ್ಮಲ್ಲೇ ಕಂಡದ್ದು. ಇದು ನನ್ನೊಬ್ಬನ ಮೇಲಿನ ಹಗೆಯೇ ಎಂದು ನಾನು ಮನೆಯಲ್ಲಿ ಗಟ್ಟಿಯಾಗಿ ಯೋಚಿಸುತ್ತಿದ್ದಾಗ ನನ್ನ ಹೆಂಡತಿ ಚೈತ್ರ, “ಅವ್ರಿಗೆ ನಿಮ್ ಹೆಸ್ರೂ ಗೊತ್ತಿಲ್ಲ ಕಣ್ರೀ, ಸುಮ್ನೆ ಊಟಕ್ ಬನ್ನಿ” ಎಂದಳು. ಹಗೆಯೂ ಇಲ್ಲವೆಂದರೆ ಇನ್ನೂ ಅವಮಾನ.

ಹಲ್ಲು ಕಿತ್ತ ಆಯುಧವನ್ನು ಬುದ್ಧಿಯಿರುವವರು ಮಾರುತ್ತಾರೆ. ನಾನು ಮಾರಲಿಲ್ಲ. ನಮ್ಮ ಮನೆಯಲ್ಲಿ ಮುರಿದ ಲಾಳಿಯನ್ನೂ ಎಸೆಯುವುದಿಲ್ಲ, ಬೆರಳುದ್ದದ ರೇಷ್ಮೆ ಎಳೆಯನ್ನೂ ಡಬ್ಬಿಯಲ್ಲಿ ಸುತ್ತಿಡುತ್ತಾರೆ. ಇಂದಲ್ಲ ನಾಳೆ ತಮಗೂ ಮನಸ್ಸು ಕರಗಿ ಈಟಿಗೆ ಮತ್ತೆ ಜೀವ ಬಂದರೆ ಆಗ ಎಲ್ಲಿ ಹುಡುಕಲಿ? ಹೀಗಾಗಿ ಹಳೆಯದೂ ಇರಲಿ, ಹೊಸದೂ ಬರಲಿ, ಬೆಂಕಿಯ ರಾಕ್ಷಸನಿಗೊಂದು, ಹಿಮದ ರಾಕ್ಷಸನಿಗೊಂದು, ಯಾವ ರಾಕ್ಷಸನಿಗೂ ಆಗದಿದ್ದರೂ ನೋಡಲು ಚೆನ್ನಾಗಿದೆಯೆಂದು ಇನ್ನೊಂದು ಎಂದು ಸೇರಿಸುತ್ತ ಹೋದೆ. ಮೊದಲು ಕತ್ತಿ ಹೊತ್ತ ಕಲಿಯಾಗಿದ್ದವನು ಕೊನೆಗೆ ಕತ್ತಿ ಹೊತ್ತ ಕತ್ತೆಯಾದೆ. ನಾನು ಉರುಳುವ ಚೆಂದವನ್ನು ಅಮಾವಾಸ್ಯೆಯ ದಿನ ಹನೂರಿನಿಂದ ಭಕ್ತರನ್ನು ತುಂಬಿಕೊಂಡು ಬೆಟ್ಟ ಹತ್ತುವ ಬಸ್ಸಿಗೆ ಹೋಲಿಸಬಹುದು; ವ್ಯತ್ಯಾಸವೆಂದರೆ ಆ ಬಸ್ಸು ತಡವಾಗಿಯಾದರೂ ತಲುಪುತ್ತದೆ. ಶತ್ರು ಗದೆ ಎತ್ತಿದಾಗ ಗುಂಡಿ ಒತ್ತಿದರೆ, ಅವನು ಹೊಡೆದು, ಗದೆ ಒರೆಸಿ, ವಾಪಸು ಹೋದ ಮೇಲೆ ನನ್ನ ಉರುಳುಸೇವೆ ಮುಗಿಯುತ್ತಿತ್ತು.

ಕೋಟೆಯ ಕೊನೆಯ ರಾಕ್ಷಸ ಲೋಹಾಸುರನೆದುರು ನಾವು ಸೋತಾಗಲೆಲ್ಲ ಮೊದಲು ಬೀಳುವವನು ನಾನೇ. ನನ್ನನ್ನು ಎಬ್ಬಿಸಲು ಓಡಿಬಂದು ಬೀಳುವವಳು ಅಂಜನಾ. ನಮ್ಮಿಬ್ಬರನ್ನೂ ಬೈಯುತ್ತ ಬೀಳುವವನು ನಾಗರಾಜು. “ಭಾವ, ನಿಮ್ಮ ಚೀಲದ ಅರ್ಧ ಬಿಸಾಕಿದ್ರೂ ನಿಮ್ಮ ವೇಗ ಎರಡರಷ್ಟಾಗುತ್ತೆ, ಲೆಕ್ಕ ಹಾಕಿ ತೋರಿಸ್ಲಾ?” ಎಂದು ಅಂಜನಾ ಎಷ್ಟೋ ಸಲ ಮರ್ಯಾದೆಯಾಗಿಯೇ ಹೇಳಿದ್ದಳು. ನಾಗರಾಜನಿಗೆ ಮರ್ಯಾದೆಯ ಅಭ್ಯಾಸವಿಲ್ಲ. ದಸರಾಕ್ಕೆ ಮೊದಲ ಭಾನುವಾರ, “ಲೇ ಹೇಮಂತ, ನೀ ಯುದ್ಧಕ್ ಬತ್ತಿದ್ದೀಯಾ, ಮನೆ ಖಾಲಿ ಮಾಡ್ಕಂಡ್ ಓಯ್ತಿದ್ದೀಯಾ? ವಿಜಯದಶಮಿ ದಿನ ಕೊನೇ ಸಲ ನೋಡ್ತೀನಿ ಕಣ್ಲಾ. ಅವತ್ತೂ ನೀನೇ ಮೊದ್ಲು ಬಿದ್ರೆ ನಮ್ ರಾಮಾಪುರದ ಕುಮಾರಸ್ವಾಮಿನ ಸೇರುಸ್ಕತೀನಿ” ಎಂದುಬಿಟ್ಟ. ಕುಮಾರಸ್ವಾಮಿ ನಾಗರಾಜನ ಮಾವನ ಮಗ. ಏಟಿಗೆ ಸಿಗದೆ ಹಾವುಮೀನಿನಂತೆ ಜಾರುತ್ತಾನೆಂದು ಹೆಸರು. ತಮ್ಮ ಆಟದಲ್ಲಿ ಮೂವರಿಗಷ್ಟೇ ಜಾಗ. ಅವನು ಒಳಗೆ ಬಂದರೆ ಯಾರು ಹೊರಗೆ ಎಂಬುದಕ್ಕೆ ಗಣಿತದ ಮೇಡಂ ಬೇಕಾಗಿಲ್ಲ.

ಈಗ ತಮ್ಮ ಅಪರಾಧಕ್ಕೆ ಬರುತ್ತೇನೆ. ತಮಗೆ ತಿಳಿದಿರಲಿಕ್ಕಿಲ್ಲ, ವಿಜಯದಶಮಿಯ ಹಿಂದಿನ ದಿನ ನಮ್ಮಲ್ಲಿ ಆಯುಧಪೂಜೆ. ಮಗ್ಗವನ್ನು ಒರೆಸಿ, ಲಾಳಿ, ಕತ್ತರಿ, ರಾಟೆಗಳನ್ನೆಲ್ಲ ಸಾಲಾಗಿ ಜೋಡಿಸಿ, ಅರಿಶಿನ ಕುಂಕುಮವಿಟ್ಟು ಪೂಜಿಸುತ್ತೇವೆ. ಪೂಜೆಗಿಟ್ಟದ್ದನ್ನು ಮರುದಿನ ಬೆಳಿಗ್ಗೆಯವರೆಗೆ ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ನನ್ನ ತಾಯಿ ವಸಂತಮ್ಮನವರು ಮುಟ್ಟಿದವರನ್ನು ಸುಮ್ಮನೆ ಬಿಡುವುದಿಲ್ಲ. ಅಂದು ಮಗ್ಗದ ಪೂಜೆ ಮುಗಿಸಿ ಆರತಿ ತಟ್ಟೆ ಹಿಡಿದು ಬಂದ ಅವರು ಟಿ.ವಿ.ಯಲ್ಲಿ ನನ್ನ ಶಸ್ತ್ರಾಗಾರವನ್ನು ಕಂಡು, “ಅಷ್ಟೊಂದ್ ಕತ್ತಿ ಮಡೀಕಂಡು ಒಂದ್ ಊದ್ಗಡ್ಡಿ ಅಚ್ಚಬಾರ್ದೇನ್ಲಾ? ಅದ್ಕೇ ವಾರವಾರವೂ ಏಟ್ ತಿಂತೀಯ” ಎಂದರು. ಮಾನ್ಯರೇ, ನನ್ನ ಸೋಲಿಗೆ ಅಷ್ಟು ವೈಜ್ಞಾನಿಕವಾದ ಕಾರಣವನ್ನು ಅದುವರೆಗೆ ಯಾರೂ ಕೊಟ್ಟಿರಲಿಲ್ಲ.

ಕೂಡಲೇ ಕೋಟೆಯೂರಿನ ಚೌಕದಲ್ಲಿ ನನ್ನ ವೀರನನ್ನು ನಿಲ್ಲಿಸಿ, ಚೀಲದಿಂದ ಒಂದೊಂದೇ ಆಯುಧ ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟೆ. ಈಟಿ, ಕೊಡಲಿ, ಬೆಂಕಿಗತ್ತಿ, ಹಿಮಗತ್ತಿ, ನೋಡಲು ಚೆನ್ನಾಗಿದ್ದ ಕತ್ತಿ. ಕವಚ, ಶಿರಸ್ತ್ರಾಣ, ಉಂಗುರಗಳನ್ನೂ ಬಿಚ್ಚಿಟ್ಟೆ. ಪೂಜೆಯಲ್ಲಿ ಪಕ್ಷಪಾತ ಸಲ್ಲದಲ್ಲ. ಬಟ್ಟೆಗೆ ಬಳಿಯಲೆಂದು ತಾವು ಕೊಟ್ಟಿದ್ದ ಕೆಂಪು ಬಣ್ಣವನ್ನು ಎಲ್ಲಕ್ಕೂ ಬೊಟ್ಟಿಟ್ಟಂತೆ ಬಳಿದೆ. ಅಮ್ಮ ಟಿ.ವಿ.ಗೆ ಆರತಿ ಎತ್ತಿದರು, ಚೈತ್ರ ಪಕ್ಕದ ಕೋಣೆಗೆ ಹೋಗಿ ನಕ್ಕು ಬಂದಳು. ಬಳಿಕ, ಪೂಜೆಗಿಟ್ಟದ್ದನ್ನು ಮುಟ್ಟಬಾರದೆಂಬ ಭಯಭಕ್ತಿಯಿಂದ ಆಟ ಮುಚ್ಚಲು ಹೋದಾಗ ಪರದೆಯ ಮೇಲೆ ಪೆಟ್ಟಿಗೆಯೊಂದು ಮೂಡಿ, ಇದು ನಿನಗೆ ಖಚಿತವೇ ಎಂಬರ್ಥದಲ್ಲಿ ಏನೋ ಇಂಗ್ಲಿಷಿನಲ್ಲಿ ಕೇಳಿತು. ಮಂಗಳಾರತಿಯ ಹೊತ್ತಿನಲ್ಲಿ ‘ಇಲ್ಲ’ ಎನ್ನಬಾರದೆಂದು ‘ಹೌದು’ ಒತ್ತಿದೆ.

ಮರುದಿನ ಸಂಜೆ ಮಡಿ ಬಟ್ಟೆಯುಟ್ಟು ಆಟ ತೆರೆದರೆ ಚೌಕ ಗುಡಿಸಿದಂತಿತ್ತು. ಚೀಲ ಬರಿದು, ಲಂಗೋಟಿಯೊಂದು ಬಿಟ್ಟು ನನ್ನ ವೀರನೂ ಬರಿದು. ನೆಲಕ್ಕೆ ಬಿಟ್ಟ ವಸ್ತು, ಆಟ ಬಿಟ್ಟೊಡನೆ ಮಾಯವೆಂಬುದು ತಮ್ಮ ನಿಯಮವಂತೆ. ನಮ್ಮ ಪುರಸಭೆಯವರು ಬೀದಿ ಕಸವನ್ನು ಇಷ್ಟು ಚುರುಕಾಗಿ ಎತ್ತಿದ್ದರೆ ನಾನು ಅವರಿಗೂ ಹೀಗೇ ಪತ್ರ ಬರೆದು ಹೊಗಳುತ್ತಿದ್ದೆ.

ಅಷ್ಟರಲ್ಲಿ ಉಳಿದಿಬ್ಬರೂ ಬಂದರು. “ಏನ್ಲಾ ಇದು, ಒಳೆಗ್ ಸ್ನಾನಕ್ ಒಂಟಿದ್ದೀಯಾ?” ಎಂದ ನಾಗರಾಜು. “ಭಾವ, ನಾನು ಆ ಕಡೆ ತಿರುಗಿರ್ತೀನಿ, ಏನಾದ್ರೂ ಸುತ್ಕೊಳಿ” ಎಂದಳು ಅಂಜನಾ. ಪೂಜೆಗಿಟ್ಟಿದ್ದೆ ಎಂದೆ. ನಾಗರಾಜು, “ನಾನೂ ಟ್ರ್ಯಾಕ್ಟ್ರಿಗ್ ಪೂಜೆ ಮಾಡ್ದೆ ಕಣ್ಲಾ. ಅದ್ನ ಕಂಡೋರ್ ಬೀದೀಲಿ ಬುಟ್ಟು ಬಂದ್ನಾ?” ಎಂದು, ನನ್ನೆದುರೇ ಕುಮಾರಸ್ವಾಮಿಗೆ ಫೋನ್ ಹಚ್ಚಿದ. ಆ ಹಾವುಮೀನು ಹಬ್ಬಕ್ಕೆಂದು ಶಾಗ್ಯದ ಅತ್ತೆಮನೆಯಲ್ಲಿ ಒಬ್ಬಟ್ಟಿನ ಮುಂದೆ ಕೂತಿತ್ತು, ಎದ್ದು ಬರಲು ಒಪ್ಪಲಿಲ್ಲ. ಹೀಗೆ ಗತಿಯಿಲ್ಲದೆ ನನ್ನನ್ನೇ ಕಟ್ಟಿಕೊಂಡು ಅವರಿಬ್ಬರೂ ಲೋಹಾಸುರನ ಬಾಗಿಲು ತಳ್ಳಿದರು.

ಲೋಹಾಸುರ ಗದೆ ಎತ್ತಿದ. ನಾನು ಕಣ್ಣು ಮುಚ್ಚಿ ಗುಂಡಿ ಒತ್ತಿದೆ. ಕಣ್ಣು ತೆರೆದರೆ ಗದೆ ಒಂದು ಕಡೆ, ನಾನು ಇನ್ನೊಂದು ಕಡೆ! ಜೀವಮಾನದಲ್ಲೇ ಮೊದಲ ಸಲ ನಾನು ಉರುಳಿ ಮುಗಿಸಿ, ಎದ್ದು, ಆಕಡೆ ಈಕಡೆ ನೋಡಲೂ ಪುರಸೊತ್ತಿತ್ತು. ಅವನಿಗೆ ಹತ್ತಿರದವನನ್ನೇ ಅಟ್ಟುವ ಚಾಳಿ. ನಾನು ಅವನ ಮೂಗಿನಡಿಯಲ್ಲೇ ಕಂಬದಿಂದ ಕಂಬಕ್ಕೆ ಓಡುತ್ತ, ಉರುಳುತ್ತ, ಸಾಲ ವಸೂಲಿಗೆ ಬಂದವನನ್ನು ಅಲೆಸುವಂತೆ ಅವನನ್ನು ಬೆನ್ನಿಗೆ ಹಾಕಿಕೊಂಡು ತಿರುಗಿಸಿದೆ. “ಆಡುಸ್ಲಾ ಅವುನ್ನ, ಇನ್ನೊಂದ್ ಸುತ್ ಆಡುಸು!” ಎಂದು ನಾಗರಾಜು ಹಿಂದಿನಿಂದ ಬಡಿದ, ಅಂಜನಾ ಬಾಣ ಬಿಟ್ಟಳು. ಒಮ್ಮೆ ಆವೇಶ ಬಂದು ನಾನೂ ಅವನ ಮೊಣಕಾಲಿಗೆ ಬರಿಗೈಯಲ್ಲಿ ಒಂದು ಕೊಟ್ಟೆ, ಅವನು ಗಮನಿಸಲಿಲ್ಲ. ಕೊನೆಗೆ ಅಂಜನಾಳ ಬಾಣಕ್ಕೆ ಆ ಮಹಾಕಾಯ ಉರುಳಿದಾಗ, ಸದ್ದಿಗೆ ಒಳಬಂದ ಅಮ್ಮ, “ಬಿದ್ದೋನ್ ಯಾರ್ಲಾ, ನೀನಾ ಅವ್ನಾ?” ಎಂದು ವಿಚಾರಿಸಿ, ಅವನೇ ಎಂದು ಖಾತ್ರಿಯಾದ ಮೇಲೆ, “ನೋಡ್ದಾ, ಊದ್ಗಡ್ಡಿ!” ಎಂದು ಹೋದರು.

ಗೆಲುವಿನ ಜೊತೆಗೆ ತೀರ್ಪೂ ಬಂತು. “ಇನ್ಮೇಕೆ ಜಾಗ ನಿಂದೇ ಕಣ್ಲಾ, ಯಾವ ಕುಮಾರಸ್ವಾಮೀನೂ ಬ್ಯಾಡ. ಆದ್ರೆ ಒಂದ್ ಸೂಜಿ ಎತ್ಕಂಡ್ರೂ ಆಚ್ಗೆ” ಎಂದ ನಾಗರಾಜು. ಆ ಗಳಿಗೆಯಲ್ಲೇ ಲೋಹಾಸುರನ ಹೆಣದ ಪಕ್ಕ, ಹಿಡಿಗೆ ಹರಳು ಕೂರಿಸಿದ, ನವಿಲಿನ ಕುತ್ತಿಗೆಯ ಬಣ್ಣದ ಖಡ್ಗವೊಂದು ನನ್ನ ಪಾಲಿಗೆಂದು ಮಿನುಗುತ್ತಿತ್ತು. ಮೂರು ತಲೆಮಾರಿನ ನೇಕಾರರ ರಕ್ತ ನನ್ನ ಹೆಬ್ಬೆರಳಿಗೆ ಬಂದು ತುಂಬಿಕೊಂಡಿತು. ಅಂಜನಾ ಮೆಲ್ಲಗೆ, “ಭಾವಾ...” ಎಂದಳಷ್ಟೇ. ಮಾನ್ಯರೇ, ನಾನು ಅದನ್ನು ಅಲ್ಲೇ ಬಿಟ್ಟು ಬಂದೆ. ಅಂದು ರಾತ್ರಿ ಒಬ್ಬಟ್ಟೂ ರುಚಿಸಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳು ಹೀಗಿವೆ. ಕಳೆದುಹೋದ ನನ್ನ ಆಯುಧಗಳನ್ನು ದಯವಿಟ್ಟು ಹಿಂದಿರುಗಿಸಬೇಡಿ. ನನ್ನನ್ನು ನಾನು ಬಲ್ಲೆ, ಕೊಟ್ಟರೆ ಎಲ್ಲವನ್ನೂ ಹೊತ್ತುಕೊಳ್ಳುತ್ತೇನೆ. ಆದರೆ ಅವೆಲ್ಲ ಎಲ್ಲೋ ಒಂದು ಕಡೆ ಸುಖವಾಗಿವೆ ಎಂದು ಒಂದು ಸಾಲು ಬರೆದು ತಿಳಿಸಿ, ಸಾಧ್ಯವಾದರೆ ಆಗಾಗ ಎಣ್ಣೆ ಹಾಕಿ ಒರೆಸಿಡಿ. ಆಟ ಮುಚ್ಚುವಾಗ ಬರುವ ಪೆಟ್ಟಿಗೆಯಲ್ಲಿ ಸುಮ್ಮನೆ ಖಚಿತವೇ ಎಂದು ಕೇಳದೆ, ಇದು ಪೂಜೆಯೋ ಬಿಸಾಡುವುದೋ ಎಂದು ಬಿಡಿಸಿ ಕೇಳಿ. ಮುಂದಿನ ವರ್ಷದಿಂದ ಆಯುಧಪೂಜೆಯ ದಿನ ತಮ್ಮ ರಾಕ್ಷಸರೂ ಗದೆ ಕೆಳಗಿಟ್ಟು, ಹಣೆಗೆ ವಿಭೂತಿ ಬಳಿದು, ಬಂದವರಿಗೆ ಕಡಲೆಪುರಿ ಕೊಟ್ಟು ಕಳಿಸುವಂತಾದರೆ ಸಮತೋಲನವೆಂಬ ಶಬ್ದಕ್ಕೆ ನಿಜವಾಗಿಯೂ ತೂಕ ಬರುತ್ತದೆ. ಬಿಡುವಿದ್ದರೆ ತಾವೇ ಒಮ್ಮೆ ಕೊಳ್ಳೇಗಾಲಕ್ಕೆ ಬಂದು ನಮ್ಮ ಮಗ್ಗದ ಮೇಲೆ ಕೂತು ನೋಡಿ. ಒಂದು ಬದಿಯ ಎಳೆಯನ್ನು ಸಡಿಲ ಬಿಟ್ಟರೆ ಇನ್ನೊಂದು ಬದಿ ಏನಾಗುತ್ತದೆಂದು ಅಮ್ಮ ತಮ್ಮ ಬೆನ್ನ ಮೇಲೇ ತೋರಿಸಿಕೊಡುತ್ತಾರೆ.

ಇಷ್ಟಾದರೂ ನನ್ನ ಜಾಗ ನನಗೆ ಉಳಿದದ್ದು ತಮ್ಮ ಕಸಬರಿಗೆಯ ಕೃಪೆಯಿಂದಲೇ ಎಂಬುದನ್ನು ಮರೆಯದೆ, ಹಗುರಾದ ಮೈಯಿಂದಲೂ ಭಾರವಾದ ಮನಸ್ಸಿನಿಂದಲೂ ಕೈಮುಗಿಯುವ,

ತಮ್ಮ ವಿಶ್ವಾಸಿ,
ಹೇಮಂತ್
(ಲಂಗೋಟಿವೀರ, ಲೋಹದುರ್ಗ)
ಕೊಳ್ಳೇಗಾಲ

ವಿ.ಸೂ.: ಪತ್ರ ಮುಗಿಸಿ ಕಳಿಸುವಷ್ಟರಲ್ಲಿ ತಮ್ಮ ಈ ತಿಂಗಳ ಅಪ್‌ಡೇಟ್ ತಲುಪಿತು. ಆಯುಧ ಕವಚಗಳಿಲ್ಲದ ಆಟಗಾರರು ಅತಿಯಾಗಿ ಚುರುಕಾಗಿರುವುದು ಕಂಡುಬಂದಿರುವುದರಿಂದ, ಸಮತೋಲನದ ದೃಷ್ಟಿಯಿಂದ, ಇನ್ನುಮುಂದೆ ಬರಿಮೈಯನ್ನೂ ತೂಕಕ್ಕೆ ಸೇರಿಸಲಾಗುವುದು ಎಂದು ಅದರಲ್ಲಿ ಬರೆದಿದ್ದೀರಿ. ಚೈತ್ರಳಿಗೆ ತೋರಿಸಿದೆ; ನನ್ನ ಹೆಸರು ತಮಗೆ ಗೊತ್ತಿರುವುದನ್ನು ಅವಳೀಗ ಒಪ್ಪುತ್ತಾಳೆ. ನಾಗರಾಜನಿಗೂ ಓದಿ ಹೇಳಿದೆ. ಅವನು, “ಭಾನ್ವಾರ ತಪ್ಪುಸ್ಬ್ಯಾಡ ಕಣ್ಲಾ, ಮೈನೂ ಮನೇಲೇ ಬುಟ್ಟು ಬಾ” ಎಂದ.