ನಮ್ಮನೆ ಟಿವಿಗೆ ನಾರಾಯಣ ಬಂದ ವಾರ

ರಾತ್ರಿಯೇ ನೆನೆಸಿಟ್ಟ ಅವರೆಕಾಳನ್ನು ಮುಂದಿಟ್ಟುಕೊಂಡು ಹಾಲ್‌ನಲ್ಲಿ ಕಾಲು ಚಾಚಿ ಕುಳಿತು ಒಂದೊಂದೇ ಹಿದುಕುತ್ತಿದ್ದೆ. ಹಿದುಕಿದ ಬೇಳೆ ಸಾರು ತಿನ್ನುವವರಿಗೆ ಹತ್ತು ನಿಮಿಷದ ಕೆಲಸ, ಮಾಡುವವರಿಗೆ ಅರ್ಧ ಜನ್ಮ. ಬೆರಳಿನಿಂದ ಜಾರಿದ ಕಾಳೊಂದು ಸೋಫಾ ಕೆಳಗೆ ಹೋದ ಹೊತ್ತಿಗೆ ಸರಿಯಾಗಿ ಯಜಮಾನರ ಫೋನು ಬಂತು.

"ಅಮ್ಮನ ಕಣ್ಣಿನ ಪಟ್ಟಿ ಬಿಚ್ಚಿದ್ರು ಕಣೇ. ಚೆನ್ನಾಗಿ ಕಾಣ್ತಿದೆಯಂತೆ. ಟಿವಿನೂ ನೋಡ್ಬೋದು ಅಂದ್ರು ಡಾಕ್ಟ್ರು. ಹೆಬ್ಬಾಳ ಬಿಟ್ವಿ, ಬರ್ತಿದೀವಿ."

ಕೂತಲ್ಲಿಂದಲೇ ದೇವರಿಗೆ ಕೈಮುಗಿದೆ. ಪೊರೆ ಬಂದು ಎರಡು ವರ್ಷ ಕಷ್ಟಪಟ್ಟ ನಮ್ಮತ್ತೆಗೆ ಕಣ್ಣು ಬಂದದ್ದು ದೊಡ್ಡ ಕೃಪೆ. ಫ್ಲೈಓವರ್ ಮೇಲೆ ಟ್ರಾಫಿಕ್ ಇದ್ದು, ಅವರು ಬರುವಷ್ಟರಲ್ಲಿ ಪಾತ್ರೆ ಅರ್ಧ ತುಂಬಿದ್ದು ಸಣ್ಣ ಕೃಪೆ. ನಾನು ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವವಳು.

ಅತ್ತೆ ಬಂದರು. ಕಪ್ಪು ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ಕುಳಿತು, "ಗಿರಿಜಾ, ಏನಾದ್ರೂ ದೇವರದ್ದು ಹಾಕಮ್ಮ," ಎಂದರು.

ನಮ್ಮ ರಿಮೋಟಿನಲ್ಲಿ ನಲವತ್ತು ಬಟನ್‌ಗಳಿವೆ. ನನಗೆ ಗೊತ್ತಿರುವುದು ಒಂದು. ಆತ್ಮವಿಶ್ವಾಸದಿಂದ ಅದನ್ನೇ ಒತ್ತಿದೆ. ಮಗಳು ಸಿಂಚನ ಕಾಲೇಜಿಗೆ ಹೋಗುವ ಮುಂಚೆ ಅರ್ಧಕ್ಕೆ ನಿಲ್ಲಿಸಿದ್ದ ಜಪಾನಿನ ಕಾರ್ಟೂನು ಅಲ್ಲಿಂದಲೇ ಶುರುವಾಯಿತು. ಅವಳು ಅದನ್ನು 'ಅನಿಮೆ' ಅನ್ನುತ್ತಾಳೆ, ಕಾರ್ಟೂನು ಅಂದರೆ ಊಟ ಬಿಡುತ್ತಾಳೆ.

ಆ ಅನಿಮೆಯ ಚಿತ್ರಗಳನ್ನು ಮಾತ್ರ ಹೊಗಳಲೇಬೇಕು. ಹಾಲಿನಂಥ ಮೋಡ, ಮೋಡದ ಮೇಲೆ ಬಿಳಿ ಹಾವು, ಹಾವಿನ ಮೇಲೆ ನೀಲಿ ಮೈಬಣ್ಣದ ಹುಡುಗ. ಕಥೆ ಕೇಳಬೇಡಿ. ಏಳು ಕಂತು ಕಳೆದರೂ ಆ ಹುಡುಗ ಬಂಡೆಯ ಮೇಲೆ ನಿಂತು ದೂರ ನೋಡುವುದು ಬಿಟ್ಟು ಒಂದು ಕೆಲಸ ಮಾಡಿರಲಿಲ್ಲ. ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲೂ ಅವನ ಕೂದಲು ಗಾಳಿಗೆ ಹಾರುತ್ತಿತ್ತು! ಒಮ್ಮೆ ಒಂದು ಬಟ್ಟಲು ಅನ್ನ ತೋರಿಸಿದರು. ಅಗುಳು ಅಗುಳೂ ಮಿನುಗುತ್ತಿತ್ತು, ಹಬೆ ಸುರುಳಿ ಸುತ್ತುತ್ತಿತ್ತು. ಯಾರೂ ಉಣ್ಣಲಿಲ್ಲ. ಅಷ್ಟೊಂದು ಅನ್ನ ಮಾಡಿದವಳ ಗತಿ ಏನು ಎಂದು ನಾನು ಕೇಳಿದ್ದಕ್ಕೆ ಸಿಂಚನ, "ಅಮ್ಮಾ, ಆರ್ಟ್ ನೋಡು. ಕಥೆ ಎಲ್ಲಾ ಕೇಳ್ಬಾರ್ದು," ಎಂದಿದ್ದಳು.

ಅತ್ತೆ ಮುಂದಕ್ಕೆ ಬಾಗಿದರು. "ಯಾರೇ ಇದು? ಶ್ರೀಮನ್ನಾರಾಯಣನಾ?"

ಒಳಗೆ ಕುಕ್ಕರ್ ಮೂರನೇ ಸೀಟಿ ಹಾಕುತ್ತಿತ್ತು. ಕಣ್ಣಿಗೆ ಹನಿ ಹಾಕುವ ಹೊತ್ತಾಗಿತ್ತು. ಅಲ್ಲ ಎಂದರೆ ಮತ್ತೆ ಯಾರು ಎಂದು ಹೇಳಬೇಕು, ಚಾನೆಲ್ ಬದಲಾಯಿಸಬೇಕು, ಅದಕ್ಕೆ ಎರಡನೆಯ ಬಟನ್ ಬೇಕು. ನಾನು ಸೋತಿದ್ದೆ.

"ಹೂಂ ಅತ್ತೆ," ಎಂದೆ.

ಒಂದು ಹೂಂ! ಒಳಗೆ ಹೋಗಿ ದೇವರ ಮುಂದೆ ಕೆನ್ನೆ ಬಡಿದುಕೊಂಡು ಬಂದೆ. ಆದರೆ ಹೇಳಿಯಾಗಿತ್ತು.

"ಇದೇನೇ, ಮಾತು ಒಂದೂ ತಿಳಿಯಲ್ಲ?"

"ದೇವಭಾಷೆ ಅತ್ತೆ."

"ಹಾಗಾದ್ರೆ ನೀನೇ ಬಿಡಿಸಿ ಹೇಳು, ಬಾ."

ಹೀಗೆ ನಾನು ಪುರಾಣಿಕಳಾದೆ. ಬೆಳ್ಳಿ ಕೂದಲಿನ ಹುಡುಗಿಯನ್ನು ಲಕ್ಷ್ಮಿ ಎಂದೆ. ಹಾವು ಆದಿಶೇಷ ಎಂದು ನಾನು ಹೇಳುವ ಮೊದಲೇ ಅತ್ತೆ ಹೇಳಿದರು. ಮರುದಿನ ನಾರಾಯಣ ಕತ್ತಿ ಎತ್ತಿ ಆ ಆದಿಶೇಷನನ್ನು ಎರಡು ತುಂಡು ಮಾಡಿದ!

"ಅಯ್ಯೋ! ಮಲಗೋ ಹಾಸಿಗೇನೇ ಕಡಿದುಬಿಟ್ನಲ್ಲೇ!"

"ಅದು ನಿಜವಾದ ಶೇಷ ಅಲ್ಲ ಅತ್ತೆ. ವೇಷ ಹಾಕ್ಕೊಂಡು ಬಂದ ರಾಕ್ಷಸ."

ಮೂರನೆಯ ದಿನ ಲಕ್ಷ್ಮಿ ಮೊಣಕಾಲು ಕಾಣುವ ಲಂಗ ತೊಟ್ಟು ಬಂದಳು. "ಪ್ರಯಾಣದಲ್ಲಿದಾಳೆ ಅತ್ತೆ," ಎಂದೆ. ನಾಲ್ಕನೆಯ ದಿನ ನಾರಾಯಣ ಸತ್ತೇಹೋದ. ಮುಂದಿನ ಕಂತಿನಲ್ಲಿ, ಯಾರೂ ಏನೂ ಹೇಳದೆ, ಅದೇ ಬಂಡೆಯ ಮೇಲೆ ನಿಂತಿದ್ದ. "ಮುಂದಿನ ಅವತಾರ," ಎಂದೆ. ಆ ಪಾತ್ರಗಳಿಗೆ ತಮ್ಮದೇ ಆದ ಸ್ವಭಾವವಿದ್ದಿದ್ದರೆ ನಾನು ಎರಡೇ ದಿನಕ್ಕೆ ಸಿಕ್ಕಿಬೀಳುತ್ತಿದ್ದೆ. ಪಾಪ, ಅವು ಖಾಲಿ ಡಬ್ಬಿಗಳಂತಿದ್ದವು. ನಾನು ಏನು ತುಂಬಿದರೂ ಹಿಡಿಸುತ್ತಿತ್ತು.

ನಿಲ್ಲಿಸಬಹುದಿತ್ತು. ಪ್ರತಿ ಸಂಜೆ ದೀಪ ಹಚ್ಚುವಾಗ, ನಾಳೆ ನಿಜ ಹೇಳುತ್ತೇನೆ ಎಂದು ದೇವರಿಗೆ ಮಾತು ಕೊಡುತ್ತಿದ್ದೆ. ಆದರೆ ಗುರುವಾರ, ಅತ್ತೆ ಅಟ್ಟೂರಿನಲ್ಲಿರುವ ತಂಗಿಯ ಜೊತೆ ಫೋನಿನಲ್ಲಿ ಮಾತಾಡುವುದು ಕಿವಿಗೆ ಬಿತ್ತು.

"ನಮ್ಮ ಗಿರಿಜ ಪುರಾಣ ಹೇಳ್ತಾಳೆ ಕಣೇ, ಕೂತು ಕೇಳ್ಬೇಕು! ಇಷ್ಟು ವರ್ಷ ಇವಳಲ್ಲಿ ಇಂಥಾ ವಿದ್ಯೆ ಇದೆ ಅಂತ ನಂಗೇ ಗೊತ್ತಿರ್ಲಿಲ್ಲ."

ಮದುವೆಯಾಗಿ ಇಪ್ಪತ್ತೊಂದು ವರ್ಷ. ಅತ್ತೆ ಕೆಟ್ಟವರಲ್ಲ, ಹೊಗಳುವ ಅಭ್ಯಾಸವಿಲ್ಲ, ಅಷ್ಟೆ. ಅಡುಗೆ ಮನೆಯ ಗೋಡೆಗೆ ಒರಗಿ ಆ ಮಾತನ್ನು ಪೂರ್ತಿ ಕೇಳಿದೆ. ಆಮೇಲೆ ನಿಜ ಹೇಳುವ ಧೈರ್ಯ ಎಲ್ಲಿಂದ ಬರಬೇಕು?

ಶನಿವಾರ ಸಂಜೆ ನಾಲ್ಕಕ್ಕೆ ಬೆಲ್ಲಾಯಿತು. ಬಾಗಿಲು ತೆಗೆದರೆ ಭಜನಾ ಮಂಡಳಿಯ ಏಳು ಜನ! ಕೈಯಲ್ಲಿ ಬಾಳೆಹಣ್ಣು, ಸೇವಂತಿಗೆ, ಒಬ್ಬರ ಕೈಯಲ್ಲಿ ತೆಂಗಿನಕಾಯಿ.

"ನಾನೇ ಕರೆದೆ," ಎಂದರು ಅತ್ತೆ, ಹೊಸ ಸೀರೆಯುಟ್ಟು. "ನೀನು ಹೇಳೋದನ್ನ ಎಲ್ರೂ ಕೇಳ್ಲಿ."

ಎಲ್ಲರೂ ಕುಳಿತರು. ಯಾರೋ ಟಿವಿಗೆ ಹೂವಿನ ಹಾರ ಹಾಕಿದರು. ನಾನು ನನ್ನ ಒಂದೇ ಒಂದು ಬಟನ್ ಒತ್ತಿದೆ. ಮೇಲ್ಮುಖವಾಗಿ ಬೀಳುವ ಜಲಪಾತ ಕಂಡಾಗ ಏಳು ಜನರೂ ಕೈಮುಗಿದರು. ನನಗೂ ಸ್ವಲ್ಪ ಧೈರ್ಯ ಬಂತು. ಆದರೆ ಮುಂದಿನ ಸಾಲಿನಲ್ಲಿ ಪದ್ಮಾವತಮ್ಮ ಕುಳಿತಿದ್ದರು. ಅವರು ನಿವೃತ್ತ ಕನ್ನಡ ಮೇಡಮ್ಮು.

"ಗಿರಿಜಾ, ಇದು ಯಾವ ಪುರಾಣದಲ್ಲಿ ಬರುತ್ತಮ್ಮ?"

"ಅದು... ಉಪಪುರಾಣ ಮೇಡಂ."

"ಹದಿನೆಂಟಿವೆ. ಯಾವುದು?"

"ಕೊನೆಯದು," ಎಂದೆ!

ಅಲ್ಲಿಯವರೆಗೆ ಹನ್ನೊಂದು ಕಂತು ಉಪವಾಸವಿದ್ದ ನಾರಾಯಣನಿಗೆ ಹಸಿವಾಗಬೇಕಾದದ್ದು ಅವತ್ತೇ. ನದಿ ದಂಡೆಯಲ್ಲಿ ಕುಳಿತು ಕಡ್ಡಿಗೆ ಚುಚ್ಚಿ ಸುಟ್ಟ ಏನನ್ನೋ ತಿನ್ನತೊಡಗಿದ. ಎಂಥ ಚಿತ್ರ! ಎಣ್ಣೆಯ ಹನಿ ಕೂಡ ಹೊಳೆಯುತ್ತಿತ್ತು.

"ಏನು ತಿಂತಿದಾನೆ?" ಎಂದರು ಪದ್ಮಾವತಮ್ಮ.

"ಕಮಲದ ದಂಟು."

ಅವರು ಕನ್ನಡಕ ಸರಿಮಾಡಿಕೊಂಡರು. "ಕಮಲದ ದಂಟಿಗೆ ಎಂಟು ಕಾಲು ಇರುತ್ತೇನಮ್ಮ?"

ಸಿಂಚನ ಕಾಲೇಜು ಬ್ಯಾಗಿನೊಂದಿಗೆ ಒಳಗೆ ಬಂದದ್ದು ಆ ಕ್ಷಣದಲ್ಲಿ. ಹಾರ ನೋಡಿದಳು, ಹಣ್ಣಿನ ತಟ್ಟೆ ನೋಡಿದಳು, ನನ್ನನ್ನು ನೋಡಿದಳು.

"ಅಮ್ಮಾ! ನನ್ನ ಅನಿಮೆಗೆ ಯಾಕಮ್ಮಾ ಪೂಜೆ? ಅವ್ನು ಆಕ್ಟೋಪಸ್ ತಿಂತಿದಾನೆ!"

"ಹಾಗಂದ್ರೇನೇ?" ಎಂದು ಅತ್ತೆ ಕೇಳಿದರು.

"ಜಪಾನ್ ಕಾರ್ಟೂನ್ ಅಜ್ಜಿ. ಅವನು ಸಮುದ್ರದ ಪ್ರಾಣಿ ತಿಂತಿದಾನೆ." ಅವಳ ಬಾಯಲ್ಲಿ ಕಾರ್ಟೂನ್ ಎಂಬ ಮಾತು ಅವತ್ತೇ ಮೊದಲು ಬಂದದ್ದು!

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಬ್ಬರಿಗೆ ಹಾಲು ಕಾಯಿಸುವುದು ನೆನಪಾಯಿತು, ಇನ್ನೊಬ್ಬರಿಗೆ ಮೊಮ್ಮಗ. ತೆಂಗಿನಕಾಯಿ ತಂದವರು ಅದನ್ನು ಮೆಲ್ಲಗೆ ಚೀಲದೊಳಗೆ ಇಟ್ಟುಕೊಂಡರು. ಪದ್ಮಾವತಮ್ಮ ಮಾತ್ರ ಬಾಗಿಲಲ್ಲಿ ನಿಂತು, "ಕಲ್ಪನೆ ಚೆನ್ನಾಗಿದೆ ಗಿರಿಜಾ," ಎಂದರು. ಹಳೆಯ ಮೇಡಮ್ಮು. ಸೊನ್ನೆ ಕೊಡುವಾಗಲೂ ಒಂದು ಒಳ್ಳೆಯ ಮಾತು.

"ತಪ್ಪಾಯ್ತು ಅತ್ತೆ," ಎಂದೆ. ಅತ್ತೆ ಎದ್ದು ಕೋಣೆಗೆ ಹೋದರು. ರಾತ್ರಿ ಕಣ್ಣಿಗೆ ಹನಿ ಹಾಕಲು ಹೋದರೆ, "ಸಿಂಚು ಹಾಕ್ಲಿ," ಎಂದರು. ಇಪ್ಪತ್ತೊಂದು ವರ್ಷಕ್ಕೆ ಸಿಕ್ಕ ಒಂದು ಹೊಗಳಿಕೆ ಎರಡು ದಿನವೂ ಬಾಳಲಿಲ್ಲ. ದೇವರ ಹೆಸರಲ್ಲಿ ಸುಳ್ಳು ಹೇಳಿ ಗಳಿಸಿದ್ದು, ಬಾಳಬಾರದು ಕೂಡ.

ಭಾನುವಾರ ನಾಲ್ಕು ಗಂಟೆಗೆ ಅತ್ತೆ ತಾವಾಗಿಯೇ ಬಂದು ಕುರ್ಚಿಯಲ್ಲಿ ಕುಳಿತರು.

"ಸಿಂಚು, ಹಾಕೇ ಅದನ್ನ."

ನಾನು ಅಡುಗೆ ಮನೆಯಿಂದ ಓಡಿ ಬಂದೆ. "ಅತ್ತೆ, ಅದು ದೇವರಲ್ಲ..."

"ಗೊತ್ತಾಯ್ತಲ್ಲಮ್ಮ. ಬೀದಿಗೆಲ್ಲಾ ಗೊತ್ತಾಯ್ತು." ಅವರ ದೃಷ್ಟಿ ಟಿವಿಯ ಮೇಲಿತ್ತು. "ಆ ನೀರು ನೋಡು ಎಷ್ಟು ಚೆಂದ ಬರೆದಿದಾರೆ. ಎಲೆ ತುದೀಲಿರೋ ಹನಿನೂ ಕಾಣ್ಸತ್ತೆ ನಂಗೆ."

ಕೋಪ ಇಳಿದಿದೆ ಎಂದುಕೊಂಡೆ. ಸೀರೆ ಸೆರಗು ಸರಿಮಾಡಿಕೊಂಡು, ವಾರದ ಅಭ್ಯಾಸದಂತೆ ಅವರ ಪಕ್ಕ ಕೂರಲು ಹೋದೆ. ಅತ್ತೆ ಕೈ ಅಡ್ಡ ಹಿಡಿದರು.

"ನೀನು ಬೇಡ. ಚಿತ್ರ ಚೆನ್ನಾಗೇ ಇದೆ. ಕೆಟ್ಟಿದ್ದು ನಿನ್ನ ಕಥೆಯಿಂದ."

"ನಾನು ಅದೇ ಹೇಳ್ತಿದೀನಿ ಅಜ್ಜಿ," ಎನ್ನುತ್ತಾ ಸಿಂಚನ ನನ್ನ ಜಾಗದಲ್ಲಿ ಕುಳಿತಳು.

ತಲೆಬುಡವಿಲ್ಲದ ಕಥೆ ಎಂದು ಜಪಾನಿನವರನ್ನು ವಾರಪೂರ್ತಿ ಆಡಿಕೊಂಡಿದ್ದೆ. ಅವರ ಕಥೆ ಉಳಿಯಿತು, ನನ್ನ ಕಥೆಯನ್ನೇ ಹೊರಗೆ ಹಾಕಿದರು! ಬುಟ್ಟಿ ಎತ್ತಿಕೊಂಡು ಬಟ್ಟೆ ತರಲು ತಾರಸಿಗೆ ಹೋದೆ. ಮೇಲೆ ಸಹಕಾರನಗರದ ಮೋಡಗಳು ಬೂದು ಬಣ್ಣಕ್ಕೆ ತಿರುಗಿ, ಯಾವ ಅಂದವೂ ಇಲ್ಲದೆ ಮುದ್ದೆಯಾಗಿ ಬಿದ್ದಿದ್ದವು. ಆದರೂ ಬೆಡ್‌ಶೀಟು ಒಣಗಿತ್ತು, ದೇವರ ದಯೆ. ಮಡಚತೊಡಗಿದೆ.