ಫೋನ್ ತಿರುವಿನಲ್ಲಿ ಒಂದು ಉಚಿತ ಯಂತ್ರ

ಬಿಟ್ಟಿ ಬಂದದ್ದನ್ನು ಬೇಡ ಎನ್ನುವ ಶಕ್ತಿ ನನಗೆ ಹುಟ್ಟಿನಿಂದಲೇ ಇಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ನಮ್ಮ ಮನೆಯ ಗೋಡೆಗಳ ಮೇಲೆ ಏಳು ಕ್ಯಾಲೆಂಡರುಗಳಿವೆ, ಏಳೂ ಅಂಗಡಿಯವರು ಕೊಟ್ಟವು. ಗೊಬ್ಬರದ ಮೂಟೆಯ ಜೊತೆ ಬಂದ ಟೋಪಿಗಳು ನಾಲ್ಕಿವೆ, ತಲೆ ಒಂದೇ. ಒಮ್ಮೆ ಔಷಧಿ ಹೊಡೆಯುವ ಪಂಪಿನ ಜೊತೆ ಬಕೆಟ್ ಕೊಡುತ್ತಾರೆಂದು ಕೇಳಿ, ಇದ್ದ ಪಂಪು ಚೆನ್ನಾಗಿಯೇ ಇದ್ದರೂ ಇನ್ನೊಂದನ್ನು ಹೊತ್ತು ತಂದೆ. ನನ್ನ ಹೆಂಡತಿ ಜಯಮ್ಮ ಮನೆಗೆ ಬಂದವರಿಗೆಲ್ಲ ಆ ಬಕೆಟ್ ತೋರಿಸಿ, "ತಾಲ್ಲೂಕಲ್ಲೇ ಇಷ್ಟು ದುಬಾರಿ ಬಕೆಟ್ಟು ಇನ್ನೊಂದಿಲ್ಲ ಕಣ್ರೀ" ಎಂದು ಪರಿಚಯ ಮಾಡಿಕೊಡುತ್ತಾಳೆ.

ಇಂಥ ನಾನು ವನಗೂರಿನ ಆಚೆಯ ನಮ್ಮ ಊರಿನಲ್ಲಿ ಕಾಗದ ಪತ್ರ ಬಲ್ಲವನೆಂದು ಹೆಸರು ಮಾಡಿರುವುದು ಒಂದು ವಿಚಿತ್ರ. ಎಸ್ಟೇಟೊಂದರಲ್ಲಿ ಇಪ್ಪತ್ತೆಂಟು ವರ್ಷ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಈಗ ನನ್ನದೇ ಮೂರು ಎಕರೆ ಕಾಫಿ ನೋಡಿಕೊಂಡಿದ್ದೇನೆ, ಆದರೂ ಊರಿನ ಬಾಯಲ್ಲಿ ನಾನು ರೈಟ್ರೇ. ಯಾರ ಮನೆಗೆ ನೋಟೀಸು ಬರಲಿ, ಫಾರಮ್ಮು ಬರಲಿ, ಮೊದಲು ನನ್ನ ಜಗಲಿಗೆ ಬರುತ್ತದೆ. ನಾನು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, ಹುಬ್ಬು ಗಂಟಿಕ್ಕಿ ಓದಿ, "ಸಣ್ಣ ಅಕ್ಷರ ನೋಡಬೇಕಪ್ಪ, ಇರೋದೆಲ್ಲ ಅಲ್ಲೇ ಇರೋದು" ಎಂದು ಬುದ್ಧಿ ಹೇಳಿ ಕಳಿಸುತ್ತೇನೆ.

ಆದರೆ ಊರಿನಲ್ಲಿ ನನಗಿಂತ ದೊಡ್ಡ ಹೆಸರು ಜಯಮ್ಮನ ದವಡೆ ಹಲ್ಲಿಗೆ ಇದೆ. ಕಣದಲ್ಲಿ ಹರಡಿದ ಕಾಫಿ ಹಣ್ಣು ಒಣಗಿತೋ ಇಲ್ಲವೋ ಎಂಬುದನ್ನು ಅವಳು ಕಾಳನ್ನು ಕಚ್ಚಿ ಹೇಳುತ್ತಾಳೆ. ಕಟಕ್ ಎಂದರೆ ಒಣಗಿದೆಯೆಂದು ಲೆಕ್ಕ. ಒಂದು ಕಾಳು ಬಾಯಿಗೆ ಹಾಕಿ, ಆಕಾಶ ನೋಡಿ, ಹಲ್ಲಿನಲ್ಲಿ ಒತ್ತಿ, "ಇನ್ನೆರಡು ಬಿಸ್ಲು ಬೇಕು" ಎಂದರೆ ಎರಡೇ ಬಿಸಿಲು ಬೇಕು. ಅಕ್ಕಪಕ್ಕದವರು ಮುಷ್ಟಿಯಲ್ಲಿ ಕಾಳು ಹಿಡಿದು ಬಂದು ನಮ್ಮ ಬಾಗಿಲಲ್ಲಿ ನಿಲ್ಲುತ್ತಾರೆ. ನಾನು ಕಾಗದಕ್ಕೇ ಬಂದರೇನೋ ಎಂದು ಕೈ ಚಾಚಿದರೆ, "ಅಮ್ಮಾವ್ರಿಲ್ವಾ ರೈಟ್ರೇ" ಎನ್ನುತ್ತಾರೆ. ಹೇಳಬಾರದು, ಹೊಟ್ಟೆ ಉರಿಯುತ್ತದೆ.

ಹೋದ ವರ್ಷ ಅವಳು ತಂಗಿಯ ಮನೆಗೆಂದು ಆಲೂರಿಗೆ ಹೋಗಿದ್ದಾಗ ನಾನೇ ಕಾಫಿ ಒಣಗಿದೆಯೆಂದು ತೀರ್ಮಾನಿಸಿ, ಮೂಟೆ ಕಟ್ಟಿಸಿ, ಜೀಪಿನ ಸಿದ್ದೇಶನನ್ನು ಕರೆಸಿ ಸಕಲೇಶಪುರಕ್ಕೆ ಸಾಗಿಸಿದೆ. ವ್ಯಾಪಾರಿ ಮೂಟೆಯೊಳಗೆ ಕೈ ಹಾಕಿದವನೇ ಕೈಯನ್ನು ಪಂಚೆಗೆ ಒರೆಸಿಕೊಂಡ. ಅಷ್ಟು ಸಾಕಾಯಿತು. ಬಂದ ಜೀಪಿನಲ್ಲೇ, ಅವೇ ಮೂಟೆಗಳ ಮೇಲೆ ಕೂತು ಘಟ್ಟ ಹತ್ತಿದೆ. ದಾರಿಯಲ್ಲಿ ಎದುರಾದ ಪಕ್ಕದ ಮನೆಯ ಮಲ್ಲಪ್ಪಣ್ಣ, "ಏನ್ ರೈಟ್ರೇ, ಕಾಫಿಗೆ ಪ್ಯಾಟೆ ತೋರಿಸ್ಕೊಂಡು ಬಂದ್ರಾ" ಎಂದ. ಆ ಮಾತು ವರ್ಷವಿಡೀ ಎದೆಯಲ್ಲಿ ಚುಚ್ಚುತ್ತಲೇ ಇತ್ತು.

ಹೀಗಿರುವಾಗ ನಾನು ತರಿಸುವ ಕೃಷಿ ಮಾಸಪತ್ರಿಕೆಯ ಜೊತೆ ಒಂದು ಬಣ್ಣದ ಚೀಟಿ ಬಂತು. ಮೂರು ವರ್ಷಕ್ಕೆ ಚಂದಾ ನವೀಕರಿಸಿದರೆ ಕಾಫಿಯ ತೇವಾಂಶ ಅಳೆಯುವ ಯಂತ್ರ ಉಚಿತ. ಮೂರೇ ಸೆಕೆಂಡಿನಲ್ಲಿ ಉತ್ತರ. ಬ್ಯಾಟರಿ ಸಮೇತ, ಚರ್ಮದ ಚೀಲ ಸಮೇತ. ಸಿದ್ದೇಶನ ಜೀಪು ವನಗೂರಿನ ಏರಿನಲ್ಲಿ ಕುಲುಕುತ್ತಿರುವಾಗ ಅದನ್ನು ಓದಿದೆ. ಉಚಿತ ಎಂಬಲ್ಲಿ ಪುಟ್ಟದೊಂದು ನಕ್ಷತ್ರವಿತ್ತು. ಮದುವೆ ಕಾಗದದಲ್ಲಿ ಹೂ ಹಾಕುವುದಿಲ್ಲವೇ, ಹಾಗೆ ಅಂದಕ್ಕೆ ಹಾಕಿದ್ದಾರೆಂದುಕೊಂಡೆ. ಮನೆಗೆ ಬಂದು, ಸಿದ್ದೇಶನ ಎದುರಿಗೇ, "ಈ ವರ್ಷ ಕಣದಿಂದ ಕಾಫಿ ಎತ್ತೋ ದಿನ ಹೇಳೋನು ನಾನು" ಎಂದು ಘೋಷಿಸಿದೆ. ಜಯಮ್ಮ ಚೀಟಿಯ ಕಡೆ ನೋಡಲೂ ಇಲ್ಲ. "ಆಗ್ಲಿ. ನಿಮ್ ಯಂತ್ರ ಬಂದು ನಿಜ ಹೇಳಿದ್ರೆ ನಾನು ಇನ್ಮೇಲೆ ಕಾಳು ಬಾಯಿಗೆ ಹಾಕಲ್ಲ" ಎಂದಳು. ಸಿದ್ದೇಶ ಸಾಕ್ಷಿಯಾದ. ಸಿದ್ದೇಶ ಸಾಕ್ಷಿಯಾದನೆಂದರೆ ಸಂಜೆಯೊಳಗೆ ಮಾರನಹಳ್ಳಿಯವರೆಗೂ ಸುದ್ದಿಯಾಯಿತೆಂದೇ ಲೆಕ್ಕ.

ಚಂದಾ ಹೋಯಿತು, ಪತ್ರಿಕೆ ಬಂತು, ಯಂತ್ರ ಬರಲಿಲ್ಲ. ಕೊಯ್ಲು ಶುರುವಾಗಿ ಮೊದಲ ಹಣ್ಣು ಕಣಕ್ಕೆ ಬಿತ್ತು. ಫೋನ್ ಮಾಡದೆ ವಿಧಿಯಿರಲಿಲ್ಲ.

ನಮ್ಮೂರಲ್ಲಿ ಫೋನ್ ಮಾಡುವುದೆಂದರೇನೆಂದು ಇಲ್ಲಿ ಹೇಳಬೇಕು. ಮನೆಗಳಲ್ಲಿ ಸಿಗ್ನಲ್ ಇಲ್ಲ. ರಸ್ತೆ ಮೇಲೇರಿ ಹೊರಳುವ ಕಡೆ, ಸಿಲ್ವರ್ ಓಕ್ ಮರದ ಬುಡದಲ್ಲಿ ಮಾತ್ರ ಅದು ಸಿಗುತ್ತದೆ. ಅದಕ್ಕೇ ಆ ಜಾಗದ ಹೆಸರು ಫೋನ್ ತಿರುವು. ಅಲ್ಲೂ ಫೋನನ್ನು ಕಿವಿಗಿಟ್ಟರೆ ಸತ್ತುಹೋಗುತ್ತದೆ, ತಲೆಯ ಮೇಲೆ ಎತ್ತಿ ಹಿಡಿಯಬೇಕು. ಎತ್ತಿ ಹಿಡಿದ ಮೇಲೆ ಸ್ಪೀಕರ್ ಹಾಕಲೇಬೇಕು, ಕೂಗಿಯೇ ಮಾತಾಡಬೇಕು. ಹೀಗಾಗಿ ನಮ್ಮೂರಲ್ಲಿ ಯಾರ ಗುಟ್ಟೂ ಉಳಿದಿಲ್ಲ. ಹೆಣ್ಣು ನೋಡುವ ಮಾತುಕತೆ, ಮೂಲವ್ಯಾಧಿಯ ಔಷಧಿ, ಬೀಗರ ಮುನಿಸು ಎಲ್ಲವೂ ಹತ್ತು ಜನರ ನಡುವೆಯೇ ನಡೆಯುತ್ತವೆ. ಸರದಿಗೆ ಕಾಯುವವರು ನಡುವೆ ಬಾಯಿ ಹಾಕುವುದನ್ನೂ ಯಾರೂ ತಪ್ಪೆಂದು ತಿಳಿಯುವುದಿಲ್ಲ.

ನಾನು ಕೈ ಮೇಲೆತ್ತಿ, ಸ್ವಾತಂತ್ರ್ಯ ಹೋರಾಟಗಾರನ ಭಂಗಿಯಲ್ಲಿ ನಿಂತು, "ನನ್ನ ಯಂತ್ರ ಎಲ್ಲಮ್ಮ" ಎಂದು ಕೇಳಿದೆ. ಆ ಕಡೆಯಿಂದ ಒಬ್ಬಳು ಹುಡುಗಿ, ಬಲು ಸೌಮ್ಯ ದನಿ. "ಸರ್, ಉಚಿತ ಅನ್ನೋದರ ಪಕ್ಕ ನಕ್ಷತ್ರ ಇದೆ, ನೋಡಿದ್ರಾ?" ನೋಡಿದ್ದೆ. "ಹಿಂದುಗಡೆ ಕೆಳಗೆ ಅದರ ವಿವರ ಇದೆ ಸರ್. ನೀವು ಐದು ಹೊಸ ಚಂದಾದಾರರನ್ನ ಮಾಡಿಸಿಕೊಟ್ಟರೆ ಯಂತ್ರ ಉಚಿತ."

ಸರದಿಗೆ ಕಾಯುತ್ತಿದ್ದವರೆಲ್ಲ ಇನ್ನಷ್ಟು ಹತ್ತಿರ ಬಂದರು. ಮಲ್ಲಪ್ಪಣ್ಣ ಮೆಲ್ಲಗೆ, "ಸಣ್ಣ ಅಕ್ಷರ ನೋಡ್ಬೇಕು ಅಂತಿದ್ರಲ್ಲ ರೈಟ್ರೇ" ಎಂದ. ಸೌಮ್ಯವಾಗಿಯೇ ಹೇಳಿದ, ಅದೇ ಉರಿ.

ಅಂದಿನಿಂದ ನಾನು ದಿನವೂ ತಿರುವಿಗೆ ಹತ್ತಿದೆ. "ಮೂರು ಸೆಕೆಂಡಲ್ಲಿ ಉತ್ತರ ಕೊಡೋ ಯಂತ್ರ ಅಂತ ಇಷ್ಟು ದಪ್ಪ ಅಕ್ಷರದಲ್ಲಿ ಹಾಕಿದ್ದೀರಿ, ಐದು ಜನ ಅನ್ನೋದನ್ನ ಇರುವೆ ಕಾಲಿನಷ್ಟು ಮಾಡಿದ್ದೀರಿ, ಇದು ನ್ಯಾಯವೇನಮ್ಮ" ಎಂದು ಒಂದು ದಿನ. "ಕೈಯಲ್ಲಿ ಹಿಡಿಯೋ ಅಂಥ ಯಂತ್ರ, ಬ್ಯಾಟರಿ ಸಮೇತ, ಒಬ್ಬ ಬೆಳೆಗಾರನಿಗೆ ಎಷ್ಟು ಅನುಕೂಲ, ಅಂಥದ್ದನ್ನ ತಡೆಹಿಡಿದಿದ್ದೀರಲ್ಲ" ಎಂದು ಇನ್ನೊಂದು ದಿನ. "ಚರ್ಮದ ಚೀಲ ಅಂತ ಬೇರೆ ಬರೆದಿದ್ದೀರಿ" ಎಂದು ಮೂರನೆಯ ದಿನ. ಗ್ರಾಹಕರ ನ್ಯಾಯಾಲಯದ ಹೆಸರೆತ್ತಿದೆ. ಹುಡುಗಿ "ಖಂಡಿತ ಸರ್" ಎಂದಳು. ಅವಳು ಏನೆಂದರೂ ಖಂಡಿತ ಎನ್ನುವವಳು, ಜಗಳಕ್ಕೆ ಒಂದು ಹಿಡಿಯೇ ಸಿಗುತ್ತಿರಲಿಲ್ಲ. ಕೈ ಸೋತಾಗ ಸಿದ್ದೇಶ ನನ್ನ ಮೊಣಕೈಗೆ ಆಸರೆ ಕೊಡುತ್ತಿದ್ದ. ಕೇಳುವವರ ಸಂಖ್ಯೆ ದಿನೇ ದಿನೇ ಹೆಚ್ಚಿತು. ಊರೆಲ್ಲ ನನ್ನ ಬೆನ್ನಿಗೆ ನಿಂತಿದೆಯೆಂದು ನನಗೆ ಕಣ್ಣು ತುಂಬಿ ಬಂತು.

ಎಂಟನೆಯ ದಿನ ಹುಡುಗಿ ನಾನು ಬಾಯಿ ತೆರೆಯುವ ಮೊದಲೇ, "ಅಭಿನಂದನೆಗಳು ಸರ್" ಎಂದಳು. "ನಿಮ್ಮ ಹೆಸರು ಹೇಳಿ ಐದು ಜನ ಚಂದಾ ಕಟ್ಟಿದ್ದಾರೆ. ಯಂತ್ರ ಕಳಿಸ್ತಾ ಇದ್ದೀವಿ."

ತಿರುಗಿ ನೋಡಿದೆ. ಮಲ್ಲಪ್ಪಣ್ಣ ಸಿಲ್ವರ್ ಮರದ ತುದಿ ನೋಡುತ್ತಿದ್ದ. ಸಿದ್ದೇಶ ಜೀಪಿನ ಚಕ್ರಕ್ಕೆ ಒದ್ದು ಗಾಳಿ ಪರೀಕ್ಷಿಸುತ್ತಿದ್ದ. ಇನ್ನು ಮೂವರು ಒಬ್ಬರ ಹಿಂದೆ ಒಬ್ಬರು ಮರೆಯಾಗಲು ನೋಡುತ್ತಿದ್ದರು.

"ಅಲ್ಲ ಮಲ್ಲಪ್ಪಣ್ಣ, ಮೋಸ ಅಂತ ನಾನು ದಿನಾ ಬಡ್ಕೋತಿದ್ದೆನಲ್ಲ."

"ಬಡ್ಕೊಂಡ್ರಿ ನಿಜ. ಆದ್ರೆ ಆ ಯಂತ್ರ ಎಂಥದು ಅಂತನೂ ದಿನಾ ಹೇಳಿದ್ರಲ್ಲ, ಕೇಳಿ ಕೇಳಿ ಆಸೆ ಆಗ್ಬುಡ್ತು. ಹೆಂಗೂ ನೀವು ಬಿಡೋರಲ್ಲ. ನಿಮ್ಗೆ ಕೊಟ್ಮೇಲೆ ನಮ್ಗೂ ಕೊಡ್ಲೇಬೇಕಲ್ಲ ಮಾರಾಯ್ರೇ."

ಆ ಪತ್ರಿಕೆಯ ಏಜೆಂಟರು ವರ್ಷವಿಡೀ ತಿರುಗಿದರೂ ನಮ್ಮೂರಲ್ಲಿ ನನ್ನ ಹೊರತು ಒಬ್ಬರನ್ನೂ ಹಿಡಿದಿರಲಿಲ್ಲ. ನಾನು ಅವರನ್ನು ಬೈದೇ ಐವರನ್ನು ಹಿಡಿದುಕೊಟ್ಟಿದ್ದೆ.

ವಾರದಲ್ಲಿ ಪಾರ್ಸೆಲ್ ಬಂತು. ಹೊತ್ತೇರಿದ ಮೇಲೆ ಐವರೂ ನಮ್ಮ ಕಣದ ಸುತ್ತ ನೆರೆದರು. ಜಯಮ್ಮ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತಳು. ನಾನು ಪೂಜೆಗೆ ಕೂತವನಂತೆ ಕೂತು, ಯಂತ್ರದ ಎರಡು ಮೊಳೆಗಳನ್ನು ಕಾಫಿ ರಾಶಿಗೆ ಚುಚ್ಚಿದೆ. ಮಾತಿಗೆ ತಪ್ಪಲಿಲ್ಲ, ಮೂರೇ ಸೆಕೆಂಡು. ಹನ್ನೊಂದು. ಅಂದರೆ ತೇವ ನೂರಕ್ಕೆ ಹನ್ನೊಂದು ಪಾಲು, ಕಾಫಿ ಒಣಗಿದೆ, ಎತ್ತಬಹುದು. ನಾನು ಎದ್ದು ನಿಂತು, ಮೀಸೆ ಇಲ್ಲದಿದ್ದರೂ ತಿರುವುವಂತೆ ಕೈ ಮಾಡಿ ಜಯಮ್ಮನನ್ನು ನೋಡಿದೆ. ಕುಣಿಯುವುದೊಂದು ಬಾಕಿ.

ಮಲ್ಲಪ್ಪಣ್ಣ ಅಂದು ಬೆಳಿಗ್ಗೆ ತಾನೇ ಕೊಯ್ದ ಹಸಿ ಹಣ್ಣನ್ನು ಚೀಲದಲ್ಲಿ ತಂದಿದ್ದ. ಸುಮ್ಮನೆ ಅದಕ್ಕೂ ಚುಚ್ಚಿದ. ಹನ್ನೊಂದು. ಸಿದ್ದೇಶ ಆ ದುಬಾರಿ ಬಕೆಟ್ಟಿನ ನೀರಿಗೇ ಅದ್ದಿದ. ಹನ್ನೊಂದು. ನನ್ನ ಬೆವೆತ ಅಂಗೈಗೆ ಒತ್ತಿ ನೋಡಿದರು, ನಾನೂ ಒಣಗಿದ್ದೆ.

ಜಯಮ್ಮ ಕಣಕ್ಕೆ ಇಳಿದು ಬಂದು, ಒಂದು ಕಾಳು ಬಾಯಿಗೆ ಹಾಕಿ ಆಕಾಶ ನೋಡಿದಳು. ಕಟಕ್ ಎನ್ನಲಿಲ್ಲ. "ಇನ್ನೂ ಮೂರು ಬಿಸ್ಲು" ಎಂದಳು. ಆಮೇಲೆ ಯಂತ್ರವನ್ನು ಕೈಗೆ ತೆಗೆದುಕೊಂಡು, ಮಗುವಿನ ತಲೆ ಸವರುವ ಹಾಗೆ ಸವರಿದಳು. "ಪಾಪ, ನಿಮ್ಮಂಗೇ ಐತೆ ಕಣ್ರೀ. ನೋಡೋಕ್ ಮುಂಚೆನೇ ಒಣಗೈತೆ ಅಂತದೆ."

ಎಲ್ಲರೂ ನಕ್ಕರು, ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ತಡೆಯಲಾಗದೆ ನಗು ಬಂತು. ನಕ್ಕು ಸುಸ್ತಾದ ಮೇಲೆ ಮಲ್ಲಪ್ಪಣ್ಣ ಕಣ್ಣೊರೆಸಿಕೊಂಡು, "ಅದಿರ್ಲಿ, ನಮ್ದಕ್ಕೆ ಯಾವಾಗ ಫೋನ್ ಮಾಡ್ತೀರಿ ರೈಟ್ರೇ" ಎಂದ. ಇಷ್ಟು ನೋಡಿದ ಮೇಲೂ ಬೇಕಾ ಎಂದರೆ, "ಯಂತ್ರ ಹಾಳಾಗ್ಲಿ, ಚೀಲ ಚೆನ್ನಾಗೈತಲ್ಲ" ಎಂದ. ಈಗ ನಾನು ವಾರಕ್ಕೆರಡು ಸಲ ತಿರುವಿಗೆ ಹತ್ತಿ, ಕೈ ಮೇಲೆತ್ತಿ, ಐದು ಚೀಲಗಳಿಗಾಗಿ ಜಗಳವಾಡುತ್ತಿದ್ದೇನೆ.

ಕಾಫಿಯನ್ನು ಮೂರು ಬಿಸಿಲು ಕಳೆದ ಮೇಲೆಯೇ ಎತ್ತಿದೆವು. ವ್ಯಾಪಾರಿ ಮೂಟೆಗೆ ಕೈ ಹಾಕಿ, ಪಂಚೆಗೆ ಒರೆಸಿಕೊಳ್ಳದೆ ತಲೆಯಾಡಿಸಿದ. ಯಂತ್ರದ ಜೊತೆ ಬಂದ ಚರ್ಮದ ಚೀಲದಲ್ಲಿ ಈಗ ನನ್ನ ಓದುವ ಕನ್ನಡಕವಿದೆ. ಅಳತೆ ಕೊಟ್ಟು ಹೊಲಿಸಿದಂತೆ ಕೂರುತ್ತದೆ. ಮೊನ್ನೆ ಪತ್ರಿಕೆಯವರಿಂದ ಮತ್ತೊಂದು ಚೀಟಿ ಬಂತು. ಅತಿ ಹೆಚ್ಚು ಚಂದಾದಾರರನ್ನು ಮಾಡಿಸಿದ ನನಗೆ ಅಭಿನಂದನೆ, ಇನ್ನೆರಡು ವರ್ಷ ಮುಂದುವರಿಸಿದರೆ ಮಳೆ ಅಳೆಯುವ ಯಂತ್ರ ಉಚಿತ. ಈ ಸಲ ನಾನು ಮೋಸ ಹೋಗಲಿಲ್ಲ. ಜಗಲಿಯಲ್ಲಿ ಗಟ್ಟಿಯಾಗಿ ಕೂತು, ಕನ್ನಡಕ ಹಾಕಿ, ನಕ್ಷತ್ರವನ್ನು ಹುಡುಕಿ, ಹಿಂದೆ ತಿರುಗಿಸಿ, ಸಣ್ಣ ಅಕ್ಷರಗಳನ್ನು ಜಯಮ್ಮನಿಗೆ ಕೇಳುವಂತೆ ಜೋರಾಗಿ ಓದಿದೆ. ಈ ಬಾರಿ ಹತ್ತು ಜನ ಬೇಕಂತೆ.

"ಪರವಾಗಿಲ್ಲ, ಸಣ್ಣ ಅಕ್ಷರ ಓದೋದು ಕಲ್ತ್ರಿ" ಎಂದಳು ಜಯಮ್ಮ. ಆಮೇಲೆ ನನ್ನ ಕೈ ಕಡೆ ನೋಡಿ ಕೇಳಿದಳು, "ಮತ್ತೆ ಪೆನ್ನು ಯಾಕೆ ತೆಗೆದ್ರಿ?"